‘ಮಿಸ್ಸಿಂಗ್’ ಅಂದರೆ ಯಾವಾಗ?

ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೆ ಯಾವ ಗ್ಯಾರೇಜಿನ ಮುಂದೆ ಹಳೆಯ ಪೆಟ್ರೋಲ್ ಕಾರು ಬಂದು ನಿಂತರೂ ಮಾಲೀಕರ ಬಾಯಿಂದ ಬರುವ ಮಾತು ಒಂದೇ: ‘ಮಿಸ್ಸಿಂಗ್ ಹೊಡೀತಿದೆ.’ ನಿಂತಲ್ಲೇ ಗಾಡಿ ನಡುಗಿದರೂ ಮಿಸ್ಸಿಂಗ್. ಏರಿನಲ್ಲಿ ಜಗ್ಗಿ ಜಗ್ಗಿ ನಡೆದರೂ ಮಿಸ್ಸಿಂಗ್. ಬೆಳಗ್ಗೆ ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮಿಕೊಂಡು ಎದ್ದರೂ ಮಿಸ್ಸಿಂಗ್, ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ತಾನಾಗಿ ಆಫ್ ಆದರೂ ಮಿಸ್ಸಿಂಗ್. ಮೆಕ್ಯಾನಿಕ್ ತಲೆಯಾಡಿಸಿ ಪ್ಲಗ್ ಬಿಚ್ಚಲು ಶುರು ಮಾಡುತ್ತಾರೆ. ಪ್ಲಗ್ ಆದ ಮೇಲೆ ಕಾಯಿಲ್, ಕಾಯಿಲ್ ಆದ ಮೇಲೆ ‘ಯಾವುದೋ ಸೆನ್ಸರ್ ಹೋಗಿರಬೇಕು ಸಾರ್.’ ಎರಡು ತಿಂಗಳಲ್ಲಿ ಕಾರಿನ ಅರ್ಧ ಬೆಲೆ ಬಿಡಿಭಾಗಕ್ಕೆ ಸುರಿದು, ಕಾರು ಮಾತ್ರ ಮೊದಲಿನ ಹಾಗೇ ಕೆಮ್ಮುತ್ತಿರುತ್ತದೆ.

ಸ್ಪ್ಯಾನರ್ ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವಾಗ? ತಣ್ಣಗಿರುವಾಗಲೋ, ಬಿಸಿಯಾದಾಗಲೋ? ರಾತ್ರಿಯೆಲ್ಲ ನಿಂತ ಮೇಲೋ, ಅರ್ಧ ಗಂಟೆ ನಿಂತ ಮೇಲೋ? ನಿಂತಲ್ಲೋ, ಏರಿನಲ್ಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಇಪ್ಪತ್ತು ಅನುಮಾನಗಳು ಎರಡೋ ಮೂರೋ ಆಗುತ್ತವೆ.

ಇದನ್ನು ನನಗೆ ಕಲಿಸಿದ್ದು ನನ್ನ ತಮ್ಮನ ಕಾರು. ಅವನು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುತ್ತಾನೆ. ಕಾರು 2005ರದ್ದು, ನಾಲ್ಕು ಸಿಲಿಂಡರಿನದು, ಬೆಂಗಳೂರಿನಲ್ಲಿ ಹತ್ತು ವರ್ಷ ಓಡಿ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಕಡೆ ಬಂದದ್ದು. ಹದಿನೈದು ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಇನ್ನೈದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಂಡ. ಹಿಂದಿನ ಸೀಟು ಮಡಚಿದರೆ ಗೂಡಿನ ಚೀಲಗಳು ಹಿಡಿಯುತ್ತವೆ. ಬೆಳೆದ ಗೂಡು ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆಯುವ ಮೊದಲು ಮಾರುಕಟ್ಟೆ ಸೇರಬೇಕು, ಬೆಳಗಿನ ಹರಾಜಿಗೆ ಸಿಗಬೇಕು. ಅಂಥ ಬೆಳಗ್ಗೆ ಕಾರು ಏಳದಿದ್ದರೆ ಪಕ್ಕದ ಮನೆಯ ಟೆಂಪೋ ಕೂಗಬೇಕು. ಅದರ ಬಾಡಿಗೆಗಿಂತ ಆ ಕೂಗುವ ಸಂಕಟವೇ ಅವನಿಗೆ ದೊಡ್ಡದು.

ಕಾರಿನ ಕಾಯಿಲೆ ಹೀಗಿತ್ತು. ಬೆಳಗ್ಗೆ ಮೊದಲ ಸಲ ಎಂಟು ಹತ್ತು ಸೆಕೆಂಡು ಸೆಲ್ಫ್ ತಿರುಗಬೇಕು. ಎದ್ದ ಮೇಲೆ ಅರ್ಧ ನಿಮಿಷ ಗಡಗಡ ನಡುಗುತ್ತದೆ, ಒಂದು ಸಿಲಿಂಡರ್ ಮಲಗಿದ ಹಾಗೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ ಬಂದರೆ ಮತ್ತೆ ಅದೇ ಗೋಳು, ಜೊತೆಗೆ ಪೆಟ್ರೋಲಿನ ವಾಸನೆ. ಆದರೆ ಅಂಗಡಿಯ ಮುಂದೆ ಎರಡು ನಿಮಿಷ ಆಫ್ ಮಾಡಿ ಮತ್ತೆ ಕೀಲಿ ತಿರುಗಿಸಿದರೆ ತಟ್ಟನೆ ಸ್ಟಾರ್ಟ್. ಪ್ಲಗ್ ಬದಲಾಗಿತ್ತು, ಕಾಯಿಲ್ ಬದಲಾಗಿತ್ತು, ಏರ್ ಫಿಲ್ಟರ್ ಹೊಸದು. ಪೆಟ್ರೋಲ್ ಪಂಪ್ ಬದಲಿಸೋಣ ಎನ್ನುವಲ್ಲಿಗೆ ಮಾತು ಬಂದು ನಿಂತಿತ್ತು. ‘ಅಣ್ಣ, ಇದನ್ನ ಗುಜರಿಗೆ ಹಾಕ್ಬಿಡೋಣ’ ಎಂದ. ನನಗೆ ಒಪ್ಪಲಾಗಲಿಲ್ಲ. ಓಡುವಾಗ ಅಷ್ಟು ಚೆನ್ನಾಗಿ ಓಡುವ ಇಂಜಿನ್ ಕೆಟ್ಟ ಇಂಜಿನ್ ಆಗಿರಲು ಸಾಧ್ಯವಿಲ್ಲ.

ಇಂಥ ಕಾರುಗಳ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡೋಣ. 2000ದ ಏಪ್ರಿಲ್‌ನಲ್ಲಿ ‘ಇಂಡಿಯಾ 2000’ ಎಂಬ ಹೊಗೆ ನಿಯಮ ದೇಶಕ್ಕೆಲ್ಲ ಜಾರಿಯಾಯಿತು. ಅದೇ ವರ್ಷದ ಫೆಬ್ರುವರಿಯಿಂದ ಸೀಸರಹಿತ ಪೆಟ್ರೋಲ್ ಎಲ್ಲೆಡೆ ಬಂದಿತ್ತು. ಆ ಆಸುಪಾಸಿನಲ್ಲೇ ಸಣ್ಣ ಕಾರುಗಳ ಹಿಂಬದಿಯಲ್ಲಿ ‘ಎಂಪಿಎಫ್‌ಐ’ ಎಂಬ ಅಕ್ಷರಗಳು ಹೊಳೆಯತೊಡಗಿದವು. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. ಹೊರದೇಶಗಳಿಗೆ ಇದು ಹಳೆಯ ವಿದ್ಯೆ. ಜರ್ಮನಿಯ ಬಾಷ್ ಕಂಪನಿ ವಿದ್ಯುತ್ತಿನಿಂದ ನಡೆಯುವ ಇಂಜೆಕ್ಷನ್ನನ್ನು 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿಗೆ ಕೂರಿಸಿತ್ತು. ಅದೇ ಬಾಷ್‌ನ ನಂಟಿನಿಂದ ಬೆಂಗಳೂರಿನ ಆಡುಗೋಡಿಯಲ್ಲಿ ಎದ್ದ ಮೈಕೋ ಕಾರ್ಖಾನೆಯ ಪ್ಲಗ್ಗನ್ನು ನಮ್ಮ ತಂದೆಯ ಕಾಲದ ಮೆಕ್ಯಾನಿಕ್‌ಗಳು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡುತ್ತಿದ್ದರು. ಅವರು ಕಿವಿಯಿಂದಲೇ ಇಂಜಿನ್ ಓದುತ್ತಿದ್ದವರು. ಕಾರ್ಬ್ಯುರೇಟರಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಶಬ್ದ ಕೇಳಿ, ಮತ್ತೆ ಕಾಲು ಸುತ್ತು ತಿರುಗಿಸುತ್ತಿದ್ದರು. ಇಂಜೆಕ್ಷನ್ ಕಾರಿನಲ್ಲಿ ಆ ತಿರುಪು ಇಲ್ಲ. ಅದರ ಜಾಗದಲ್ಲಿ ಇಸಿಎಂ ಎಂಬ ಪೆಟ್ಟಿಗೆ ಕೂತು ಲೆಕ್ಕ ಹಾಕುತ್ತದೆ.

ಲೆಕ್ಕ ಸರಳ. ಹಿಂದಿನ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಸುಮಾರು ಮೂರು ಬಾರ್ ಒತ್ತಡದಲ್ಲಿ ಇಂಜಿನ್ ಮೇಲಿನ ‘ರೈಲು’ ಎಂಬ ಕೊಳವೆಗೆ ತಳ್ಳುತ್ತದೆ. ನಮ್ಮ ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ನಲವತ್ತೈದು ಪೌಂಡಿಗೆ ಹತ್ತಿರ, ಕಾರಿನ ಟೈರಿಗೆ ಹಾಕುವುದಕ್ಕಿಂತ ಹೆಚ್ಚು. ಈ ಒತ್ತಡ ಕಟ್ಟುನಿಟ್ಟಾಗಿ ಇದೆ ಎಂದು ಇಸಿಎಂ ನಂಬುತ್ತದೆ. ಹಾಗಾಗಿ ಎಷ್ಟು ಪೆಟ್ರೋಲ್ ಬೇಕು ಎಂಬುದನ್ನು ಇಂಜೆಕ್ಟರ್ ಎಷ್ಟು ಹೊತ್ತು ಬಾಯಿ ತೆರೆದಿರಬೇಕು ಎಂದು ತಿರುಗಿಸಿಕೊಳ್ಳುತ್ತದೆ. ನಿಂತಲ್ಲಿ ಓಡುವಾಗ ಅದು ಎರಡು ಮೂರು ಮಿಲಿಸೆಕೆಂಡು ಮಾತ್ರ. ಗಾಳಿ ಎಷ್ಟು ಬಂತು, ಇಂಜಿನ್ ಎಷ್ಟು ಬಿಸಿ ಇದೆ, ಕ್ರ್ಯಾಂಕ್ ಎಲ್ಲಿ ತಿರುಗುತ್ತಿದೆ ಎಂದು ತಿಳಿಸಲು ಸೆನ್ಸರುಗಳಿವೆ. ರೈಲಿನಲ್ಲಿ ಪೆಟ್ರೋಲಿನ ಒತ್ತಡ ನಿಜವಾಗಿ ಎಷ್ಟಿದೆ ಎಂದು ಹೇಳುವ ಸೆನ್ಸರ್ ಮಾತ್ರ ಈ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒತ್ತಡ ಇಳಿದರೂ ಇಸಿಎಂಗೆ ಅದು ತಿಳಿಯದು, ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಹತ್ತದು. ತಮ್ಮನ ಕಾರಿನಲ್ಲಿ ಯಾವ ದೀಪವೂ ಹತ್ತಿರಲಿಲ್ಲ.

ಹುಡುಕಾಟವನ್ನು ಬ್ಯಾಟರಿಯಿಂದಲೇ ಶುರು ಮಾಡಬೇಕು. ಇದು ತೀರಾ ಸಣ್ಣದೆಂದು ಬಹಳ ಜನ ಬಿಟ್ಟುಬಿಡುತ್ತಾರೆ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬೀಳಬಾರದು. ಬಿದ್ದರೆ ಪಂಪು ಸೋಲುತ್ತದೆ, ಕಿಡಿ ಸೊರಗುತ್ತದೆ, ಇಸಿಎಂ ತಲೆ ತಿರುಗಿ ಕೂರುತ್ತದೆ. ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಪುಡಿ ಒರೆಸಿ, ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ವೈರ್ ಬಿಗಿ ಮಾಡಿದ್ದಕ್ಕೇ ಎಷ್ಟೋ ‘ಇಂಜಿನ್ ಕೆಲಸ’ಗಳು ಮುಗಿದುಹೋಗಿವೆ. ಹಳ್ಳಿಯ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವೈರನ್ನೂ ಟಾರ್ಚ್ ಹಿಡಿದು ಹುಡುಕಬೇಕು.

ನಮ್ಮ ಬ್ಯಾಟರಿ ಚೆನ್ನಾಗಿತ್ತು. ಹಾಗಾಗಿ ನಾನು ತಮ್ಮನಿಗೆ ಒಂದು ಕೆಲಸ ಹೇಳಿದೆ. ‘ನಾಳೆ ಬೆಳಗ್ಗೆ ಕೀಲಿಯನ್ನ ಆನ್‌ಗೆ ಮಾತ್ರ ತಿರುಗಿಸು, ಸೆಲ್ಫ್ ಹೊಡೀಬೇಡ. ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅಂತ ಎರಡು ಮೂರು ಸೆಕೆಂಡು ಶಬ್ದ ಬರುತ್ತೆ. ನಿಂತ ಮೇಲೆ ಆಫ್ ಮಾಡು. ಹಾಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡಿ.’ ಮರುದಿನ ಆರು ಗಂಟೆಗೇ ಫೋನ್ ಬಂತು. ‘ಅಣ್ಣ, ಒಂದೇ ಸೆಲ್ಫಿಗೆ ಎದ್ದಿತು. ನಡುಕ ಮಾತ್ರ ಹಾಗೇ ಇದೆ.’

ಖರ್ಚಿಲ್ಲದ ಈ ಒಂದು ಪರೀಕ್ಷೆಯಿಂದ ಅರ್ಧ ಕತೆ ಬಯಲಾಯಿತು. ಕೀಲಿ ಆನ್ ಮಾಡಿದಾಗಲೆಲ್ಲ ಇಸಿಎಂ ಪಂಪನ್ನು ಕೆಲವು ಸೆಕೆಂಡು ಓಡಿಸಿ ಒತ್ತಡ ಕಟ್ಟುತ್ತದೆ. ಕಾರು ಆಫ್ ಆದ ಮೇಲೂ ಆ ಒತ್ತಡ ಗಂಟೆಗಟ್ಟಲೆ ಪೈಪಿನೊಳಗೆ ಉಳಿಯಬೇಕು. ಉಳಿಯದಿದ್ದರೆ ಬೆಳಗ್ಗೆ ಖಾಲಿ ಪೈಪು ತುಂಬುವವರೆಗೆ ಸೆಲ್ಫ್ ತಿರುಗುತ್ತಲೇ ಇರಬೇಕು. ಬಿಸಿ ಇಂಜಿನ್ನಿನಲ್ಲಂತೂ ಒತ್ತಡವಿಲ್ಲದ ಪೆಟ್ರೋಲ್ ರೈಲಿನೊಳಗೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಎರಡು ನಿಮಿಷದ ನಿಲುಗಡೆಯಲ್ಲಿ ತೊಂದರೆ ಇಲ್ಲದೆ ಅರ್ಧ ಗಂಟೆಯಲ್ಲಿ ಬರುತ್ತಿದ್ದುದು ಇದಕ್ಕೇ. ಒತ್ತಡ ನಿಧಾನವಾಗಿ ಎಲ್ಲಿಂದಲೋ ಜಾರುತ್ತಿತ್ತು. ಎಲ್ಲಿಂದ ಎಂಬುದು ಉಳಿದ ಪ್ರಶ್ನೆ. ಅದಕ್ಕೆ ಗೇಜು ಬೇಕು, ಗೇಜು ಇದ್ದದ್ದು ಚಿಂತಾಮಣಿಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ. ಅಲ್ಲಿಗೆ ಹೋಗುವ ಮೊದಲು, ‘ಯಾವಾಗ’ ಎಂಬ ಪ್ರಶ್ನೆಗೆ ಬೇರೆ ಉತ್ತರ ಕೊಡುವ ಕಾರುಗಳ ಕಡೆ ಒಂದಷ್ಟು ನೋಡಬೇಕು. ನಿಮ್ಮ ಕಾರು ಅವುಗಳಲ್ಲಿ ಒಂದಾಗಿರಬಹುದು.

ತಣ್ಣಗಿರುವಾಗ ಮಾತ್ರ ಕಷ್ಟ, ಬಿಸಿಯಾದ ಮೇಲೆ ಸಲೀಸು ಎಂದರೆ ಮೊದಲ ಅನುಮಾನ ಕೂಲೆಂಟ್ ಟೆಂಪರೇಚರ್ ಸೆನ್ಸರಿನ ಮೇಲೆ. ತಣ್ಣನೆಯ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಹಿಂದೆ ಚೋಕ್ ಎಳೆಯುತ್ತಿದ್ದದ್ದು ಇದಕ್ಕೇ. ಈಗ ಈ ಪುಟ್ಟ ಸೆನ್ಸರ್ ‘ತಣ್ಣಗಿದೆ’ ಎಂದು ಹೇಳಿದರೆ ಮಾತ್ರ ಇಸಿಎಂ ಹೆಚ್ಚು ಕೊಡುತ್ತದೆ. ಬಹುತೇಕ ಕಾರುಗಳಲ್ಲಿ ಇದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ಮೀಟರ್ ಹಿಡಿದು ನೋಡಿದರೆ ಗೊತ್ತಾಗಿಬಿಡುತ್ತದೆ. ಸ್ಕ್ಯಾನರ್ ಇದ್ದರೆ ಇನ್ನೂ ಸುಲಭ: ಡಿಸೆಂಬರಿನ ಮುಂಜಾನೆ, ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೂಲೆಂಟಿನ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಎರಡೂ ಹೊರಗಿನ ಚಳಿಗೆ ಹತ್ತಿರ ಇರಬೇಕು. ಹೊರಗೆ 15 ಇದ್ದು ಕೂಲೆಂಟ್ 50 ಎಂದು ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಿದೆಯಲ್ಲ ಎಂದು ಸಮಾಧಾನ ಪಡಬೇಡಿ; ಹಳೆಯ ಕಾರುಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಇಸಿಎಂಗೆ ಇನ್ನೊಂದು ಇರುವುದುಂಟು.

ನಮ್ಮ ಜಿಲ್ಲೆಯ ನೀರಿನ ವಿಷಯವೂ ಇಲ್ಲೇ ಬರುತ್ತದೆ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ, ಸಾವಿರ ಅಡಿ ದಾಟಿದ ಕೊಳವೆಬಾವಿಯ ಗಡಸು ನೀರೇ ಗತಿ. ಅದೇ ನೀರನ್ನು ರೇಡಿಯೇಟರಿಗೂ ಸುರಿಯುತ್ತೇವೆ. ಒಲೆ ಮೇಲಿನ ಪಾತ್ರೆಗೆ ಕಟ್ಟುವ ಬಿಳಿ ಕಿಟ್ಟ ಇಂಜಿನ್ನಿನ ಒಳಗೂ ಕಟ್ಟುತ್ತದೆ, ಸೆನ್ಸರಿನ ತುದಿಗೂ ಮೆತ್ತುತ್ತದೆ, ಥರ್ಮೋಸ್ಟಾಟ್ ವಾಲ್ವನ್ನೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಗಾಡಿ ಬಿಸಿಯಾಗಿ ನಿಂತಾಗ ಯಾರೋ ಆ ವಾಲ್ವನ್ನು ಕಿತ್ತು ಬಿಸಾಡಿರುತ್ತಾರೆ: ‘ನಮ್ಮ ಬಿಸಿಲಿಗೆ ಇದು ಬೇಡ ಸಾರ್.’ ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಅಂಥ ನಷ್ಟ ಕಾಣುತ್ತಿರಲಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಇದು ದೊಡ್ಡ ತಪ್ಪು. 82 ಡಿಗ್ರಿಯ ಆಸುಪಾಸಿನಲ್ಲಿ ತೆರೆಯಬೇಕಾದ ವಾಲ್ವೇ ಇಲ್ಲದಿದ್ದರೆ ಚಳಿಗಾಲದ ಹೆದ್ದಾರಿಯಲ್ಲಿ ಇಂಜಿನ್ ಕೊನೆಗೂ ಪೂರ್ತಿ ಬಿಸಿಯಾಗುವುದಿಲ್ಲ. ‘ಇನ್ನೂ ತಣ್ಣಗಿದೆ’ ಎಂದು ಇಸಿಎಂ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಹೋಗುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲ್ ನಾರುತ್ತದೆ. ವಾಲ್ವ್ ಮತ್ತೆ ಹಾಕಿಸಿ, ಸರಿಯಾದ ಕೂಲೆಂಟ್ ತುಂಬಿಸಿ. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ತಣ್ಣನೆಯ ಸ್ಟಾರ್ಟಿಗೆ ಈಗ ಇನ್ನೊಂದು ಕಾರಣ ಸೇರಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಸಮಾವೇಶವೊಂದರಲ್ಲಿ ಪ್ರಧಾನಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ನಮ್ಮ ಬಂಕುಗಳಲ್ಲೂ ಅದೇ ಬರುತ್ತಿದೆ. ಒಂದು ಪಾಲು ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ ಒಂಬತ್ತು ಪಾಲು ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಗುರುತಿಸಿ ಇಸಿಎಂಗೆ ತಿಳಿಸುತ್ತದೆ. ಆದರೆ ಆ ಸೆನ್ಸರ್ ಕೆಲಸ ಮಾಡುವುದು ಸುಮಾರು 300 ಡಿಗ್ರಿ ಕಾದ ಮೇಲೆ. ಮುಂಜಾನೆಯ ಮೊದಲ ನಿಮಿಷದಲ್ಲಿ ಇಸಿಎಂ ಕಾರ್ಖಾನೆಯಲ್ಲಿ ಬರೆದುಕೊಟ್ಟ ಹಳೆಯ ಲೆಕ್ಕವನ್ನೇ ನಡೆಸುತ್ತದೆ. ಮೇಲಾಗಿ ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖ ಹೀರುತ್ತದೆ. ಎಲ್ಲ ಸರಿಯಿರುವ ಇಂಜಿನ್ ಇದನ್ನು ತಾಳಿಕೊಳ್ಳುತ್ತದೆ. ಸವೆದ ಪ್ಲಗ್, ಕೊಳೆ ಕಟ್ಟಿದ ಇಂಜೆಕ್ಟರ್, ಅರೆಬರೆ ಬ್ಯಾಟರಿ ಇರುವ ಇಂಜಿನ್ನಿಗೆ ಇದೇ ಕೊನೆಯ ಹೊರೆಯಾಗುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುವುದೂ ಉಂಟು. ಹಳೆಯ ರಬ್ಬರ್ ಹೋಸುಗಳ ಮೇಲೆ ಕಣ್ಣಿಡಿ. ಬಿರುಕು ಕಂಡರೆ ಅಂದೇ ಬದಲಿಸಿ, ಅದು ಬೆಂಕಿಯ ವಿಷಯ.

ಗಾಳಿಯ ಲೆಕ್ಕಕ್ಕೆ ಬಂದರೆ ನಮ್ಮ ಬೆಟ್ಟಗುಡ್ಡಗಳ ಪಾಲೂ ಅದರಲ್ಲಿದೆ. ಸಣ್ಣ ಕಾರುಗಳಲ್ಲಿ ಹೆಚ್ಚಿನವು ಗಾಳಿಯನ್ನು ಅಳೆಯುವುದು ಮ್ಯಾಪ್ ಸೆನ್ಸರಿನಿಂದ, ಅಂದರೆ ಇಂಜಿನ್ನಿನ ಮೂಗಿನೊಳಗಿನ ಒತ್ತಡದಿಂದ. ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಇದ್ದಾಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಪುಸ್ತಕ 101 ಕಿಲೋಪ್ಯಾಸ್ಕಲ್ ಎನ್ನುತ್ತದೆ. ಅದು ಕಡಲ ತೀರದ ಲೆಕ್ಕ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ 91ರ ಆಸುಪಾಸು ಬಂದರೆ ಸೆನ್ಸರ್ ಆರೋಗ್ಯವಾಗಿದೆ. ಉತ್ತರ ಪಿನಾಕಿನಿಯ ತಗ್ಗಿನಲ್ಲಿರುವ ಗೌರಿಬಿದನೂರಿನಲ್ಲಿ ಒಂದೆರಡು ಹೆಚ್ಚು ಬರುತ್ತದೆ, 1478 ಮೀಟರಿನ ನಂದಿಬೆಟ್ಟದ ನೆತ್ತಿಯಲ್ಲಿ 85ಕ್ಕೆ ಇಳಿಯುತ್ತದೆ. ಇದನ್ನು ತಿಳಿಯದೆ ‘101 ಬರಬೇಕಿತ್ತು’ ಎಂದು ಒಳ್ಳೆಯ ಸೆನ್ಸರನ್ನು ಬಿಚ್ಚಿ ಎಸೆದರೆ ದುಡ್ಡು ದಂಡ. ಕಂಪ್ರೆಷನ್ ಗೇಜಿಗೂ ಇದೇ ಮಾತು. ನಮ್ಮ ಊರಿನಲ್ಲಿ ಶೇಕಡಾ ಹತ್ತರಷ್ಟು ಕಡಿಮೆ ತೋರಿಸುವುದು ಸಹಜ. ಸಿಲಿಂಡರ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡಬೇಕು. ಹಿಂದೆ ಗ್ಯಾಸಿನಲ್ಲಿ ಓಡಿದ ಕಾರಾದರೆ ವಾಲ್ವು ಕೂರುವ ಜಾಗ ಸವೆದು ಟ್ಯಾಪೆಟ್ ಬಿಗಿಯಾಗಿರುವ ಸಾಧ್ಯತೆ ಹೆಚ್ಚು, ಆಗ ಈ ಗೇಜು ಬೇಕೇ ಬೇಕು.

ನಿಂತಲ್ಲಿ ನಡುಕ, ಆಕ್ಸಿಲೇಟರ್ ಕೊಟ್ಟರೆ ಸರಿ ಎಂದರೆ ಎರಡು ಕಡೆ ನೋಡಿ. ಒಂದು, ಥ್ರಾಟಲ್ ಬಾಡಿ. ಕಲ್ಲು ಕ್ರಷರಿನ ಧೂಳು, ಆಯಿಲ್ ಆವಿ ಸೇರಿ ಅಲ್ಲಿ ಕಪ್ಪು ಮಸಿ ಕಟ್ಟಿ, ನಿಂತಾಗ ಇಂಜಿನ್ ಉಸಿರಾಡುವ ಸಣ್ಣ ದಾರಿ ಮುಚ್ಚುತ್ತದೆ. ತೊಳೆದರೆ ಸಾಕು, ಬದಲಿಸಬೇಕಿಲ್ಲ. ಇನ್ನೊಂದು, ಸೀಳಿದ ವ್ಯಾಕ್ಯೂಮ್ ಹೋಸ್. ಮ್ಯಾಪ್ ಸೆನ್ಸರ್ ಇರುವ ಕಾರುಗಳಲ್ಲಿ ಸೋರಿಕೆಯಿಂದ ಐಡ್ಲಿಂಗ್ ತಗ್ಗುವ ಬದಲು ಏರುವುದೇ ಹೆಚ್ಚು. ಒಂದು ಮೊಳ ಪೈಪಿನ ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಹೋಸುಗಳ ಮೇಲೆ ಆಡಿಸಿದರೆ ಸುಸ್ ಎನ್ನುವ ಜಾಗ ಸಿಗುತ್ತದೆ.

ಏರಿನಲ್ಲಿ ಮಾತ್ರ ಜಗ್ಗಿದರೆ ಕಿಡಿಯನ್ನು ಅನುಮಾನಿಸಿ. ನಂದಿಬೆಟ್ಟದ ತಿರುವುಗಳಲ್ಲಿ ನಾಲ್ಕು ಜನ ಕೂತು ಎರಡನೇ ಗೇರಿನಲ್ಲಿ ಏರುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸೊರಗಿದ ಕಾಯಿಲ್ ಅದನ್ನು ಕೊಡಲಾರದು, ಬಿರುಕು ಬಿಟ್ಟ ಪ್ಲಗ್ ವೈರ್ ಅದನ್ನು ದಾರಿಯಲ್ಲೇ ಬಾಡಿಗೆ ಸುರಿಯುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ನೀಲಿ ಕಿಡಿಗಳು ಕಣ್ಣಿಗೇ ಕಾಣುತ್ತವೆ. ಅದೇ ಏರಿನಲ್ಲಿ ನಡುಗದೆ, ಕೆಮ್ಮದೆ, ಸುಮ್ಮನೆ ಸೋತರೆ ಪಂಪು ಅಥವಾ ಪೆಟ್ರೋಲ್ ಫಿಲ್ಟರ್ ಕಡೆ ಹೋಗಿ.

ಯಾವ ಸಿಲಿಂಡರ್ ಮಲಗಿದೆ ಎಂದು ತಿಳಿಯಲು ಇಂಜಿನ್ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಬೇಕು. ಶಿಡ್ಲಘಟ್ಟದ ರೀಲಿಂಗ್ ಬೇಸಿನ್ನಿನಲ್ಲಿ ಎಂಟು ಹತ್ತು ಗೂಡುಗಳ ಎಳೆ ಕೂಡಿ ಒಂದು ನೂಲಾಗುತ್ತದೆ. ಒಂದು ಗೂಡಿನ ಎಳೆ ಮುಗಿದರೂ ನೂಲು ತೆಳುವಾಗುತ್ತದೆ. ಕೆಲಸ ಮಾಡುವ ಸಿಲಿಂಡರಿನ ಕನೆಕ್ಟರ್ ತೆಗೆದರೆ ಇಂಜಿನ್ನೂ ಹಾಗೇ ಸೊರಗುತ್ತದೆ. ಯಾವುದನ್ನು ತೆಗೆದಾಗ ಏನೂ ವ್ಯತ್ಯಾಸವಾಗದೋ ಅದು ಮೊದಲೇ ಮುಗಿದ ಎಳೆ. ಆಮೇಲೆ ಆ ಸಿಲಿಂಡರಿನ ಪ್ಲಗ್ಗನ್ನೋ ವೈರನ್ನೋ ಪಕ್ಕದ್ದಕ್ಕೆ ಹಾಕಿ ನೋಡಿ; ತೊಂದರೆಯೂ ಜೊತೆಗೆ ಹೋದರೆ ಕಳ್ಳ ಸಿಕ್ಕ, ಒಂದು ರೂಪಾಯಿ ಖರ್ಚಿಲ್ಲದೆ. ಹಳೆಯ ಅಭ್ಯಾಸದಂತೆ ಓಡುವ ಇಂಜಿನ್ನಿನ ಪ್ಲಗ್ ವೈರ್ ಎಳೆಯಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಕಾಯಿಲ್ಲಿಗೂ ಪೆಟ್ಟು.

ಚೆನ್ನಾಗಿ ಓಡುತ್ತಿದ್ದ ಕಾರು ಮಧ್ಯಾಹ್ನದ ಬಿಸಿಲಿನಲ್ಲಿ ಗೌರಿಬಿದನೂರು ರಸ್ತೆಯಲ್ಲಿ ದೀಪ ಆರಿದಂತೆ ಆಫ್ ಆಗಿ, ಹುಣಸೆಮರದ ನೆರಳಲ್ಲಿ ಅರ್ಧ ಗಂಟೆ ನಿಂತು ಮತ್ತೆ ಎದ್ದರೆ ಅದು ಬಹುಪಾಲು ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ಅದರ ಒಳಗಿನ ಸುರುಳಿ ಕಡಿದುಕೊಳ್ಳುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ನಿಂತ ಜಾಗದಲ್ಲೇ ಒದ್ದೆ ಬಟ್ಟೆ ಹಾಕಿ ತಣಿಸಿದಾಗ ಕಾರು ಎದ್ದರೆ ಅನುಮಾನ ಗಟ್ಟಿಯಾಯಿತು. ಗ್ಯಾರೇಜಿಗೆ ತಂದ ಮೇಲೆ ಈ ಕಾಯಿಲೆ ಕಾಣುವುದಿಲ್ಲ, ಆದ್ದರಿಂದ ಎಲ್ಲಿ, ಎಷ್ಟು ಹೊತ್ತಿಗೆ ಆಯಿತು ಎಂದು ಬರೆದಿಟ್ಟುಕೊಳ್ಳಿ.

ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆ ಈಗ ದಟ್ಟವಾಗಿದೆ. ಸ್ಕ್ಯಾನರ್ ಬೇಕು, ಆದರೆ ಅದು ಕೊಡುವ ಕೋಡು ತೀರ್ಪಲ್ಲ, ದೂರು. ಪಿ 0171 ಬಂದರೆ ‘ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ’ ಎಂದಷ್ಟೇ ಅರ್ಥ. ಅದಕ್ಕೆ ಸೋರುವ ಹೋಸು ಕಾರಣವೋ, ಸೋತ ಪಂಪೋ, ಕಟ್ಟಿದ ಫಿಲ್ಟರೋ ಎಂದು ಅದು ಹೇಳದು. ಆಕ್ಸಿಜನ್ ಸೆನ್ಸರ್ ಬದಲಿಸಿ ಎಂದಂತೂ ಹೇಳಿಯೇ ಇಲ್ಲ. ಈ ಬಗೆಯ ಸ್ವಯಂ ತಪಾಸಣೆ ಭಾರತ್ ಸ್ಟೇಜ್ 4 ಹೊಗೆ ನಿಯಮದ ಕಾರುಗಳಿಗೆ ಕಡ್ಡಾಯವಾದದ್ದು 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೇ ಹಂತ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಹಲವು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸಾಧನದ ಜೊತೆ ಮಾತಾಡುವುದಿಲ್ಲ.

ಅಂಥ ಕಾರುಗಳಿಗೆ ನಮ್ಮ ಊರಿನಲ್ಲೇ ಒಂದು ಸ್ಕ್ಯಾನರ್ ಇದೆ, ಯಾರೂ ಅದರ ಕಡೆ ನೋಡುವುದಿಲ್ಲ: ಹೊಗೆ ತಪಾಸಣೆಯ ಚೀಟಿ. ಪೊಲೀಸರಿಗೆ ತೋರಿಸಲೆಂದು ಮಡಚಿ ಇಡುವ ಆ ಚೀಟಿಯಲ್ಲಿ ಎರಡು ಅಂಕಿಗಳಿವೆ. ಒಂದು ಕಾರ್ಬನ್ ಮಾನಾಕ್ಸೈಡ್, ಇನ್ನೊಂದು ಹೈಡ್ರೋಕಾರ್ಬನ್. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರಿಗೆ ಮಿತಿ ಶೇಕಡಾ 0.5 ಮತ್ತು 750 ಪಿಪಿಎಂ. ಮೊದಲನೆಯದು ಏರಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ: ಸೋರುವ ಇಂಜೆಕ್ಟರ್, ಸುಳ್ಳು ಹೇಳುವ ಟೆಂಪರೇಚರ್ ಸೆನ್ಸರ್, ಕಿತ್ತುಹಾಕಿದ ಥರ್ಮೋಸ್ಟಾಟ್. ಮೊದಲನೆಯದು ಕಡಿಮೆ ಇದ್ದು ಎರಡನೆಯದು ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ, ಅಂದರೆ ನಿಜವಾದ ಮಿಸ್ಸಿಂಗ್. ಇಂಜಿನ್ ಬಿಸಿಯಿರುವಾಗ ಪರೀಕ್ಷೆ ಮಾಡಿಸಿ, ಹಳೆಯ ಚೀಟಿಗಳ ಜೊತೆ ಇಟ್ಟು ನೋಡಿ.

ಚಿಂತಾಮಣಿಗೆ ಹೋದ ದಿನ ತಮ್ಮ ಹಿಂದಿನ ಎರಡು ಚೀಟಿಗಳನ್ನು ತಂದಿದ್ದ. ಆರು ತಿಂಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಮೂರು ಪಟ್ಟು ಏರಿತ್ತು. ಮೆಕ್ಯಾನಿಕ್ ಚೀಟಿ ನೋಡಿ, ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ನಮ್ಮ ಕಡೆಯ ರೀತಿಯಲ್ಲಿ ಬೈದು, ‘ಪಂಪ್ ಯಾಕಪ್ಪಾ ಬದಲಿಸ್ತೀಯ, ಮೊದಲು ಗೇಜ್ ಹಾಕೋಣ’ ಎಂದರು. ಕಾರನ್ನು ಬಯಲಿಗೆ ತಂದು, ಪೈಪಿನ ಒತ್ತಡ ಇಳಿಸಿ, ಸುತ್ತ ಬೀಡಿ ಹಚ್ಚಿದವರನ್ನು ಅಟ್ಟಿ, ಆಮೇಲೆ ಗೇಜು ಜೋಡಿಸಿದರು. ಕೀಲಿ ಆನ್ ಮಾಡಿದಾಗ ಮುಳ್ಳು ಮೂರು ಬಾರ್‌ಗೆ ಏರಿತು. ಪಂಪಿನ ಬಲ ಸರಿ. ಆಫ್ ಮಾಡಿ ಕಾದೆವು. ಐದು ನಿಮಿಷಕ್ಕೆ ಮುಳ್ಳು ಒಂದಕ್ಕಿಂತ ಕೆಳಗೆ ಬಂದಿತ್ತು.

ಒತ್ತಡ ಜಾರಲು ಮೂರು ಬಾಗಿಲು: ಪಂಪಿನೊಳಗಿನ ಚೆಕ್ ವಾಲ್ವ್, ಪ್ರೆಷರ್ ರೆಗ್ಯುಲೇಟರ್, ಇಂಜೆಕ್ಟರ್. ಈ ಕಾರಿನಲ್ಲಿ ಟ್ಯಾಂಕಿಗೆ ವಾಪಸು ಹೋಗುವ ರಬ್ಬರ್ ಹೋಸ್ ಇತ್ತು. ಮತ್ತೆ ಒತ್ತಡ ಕಟ್ಟಿ, ಅದನ್ನು ಮೆತ್ತನೆಯ ಕ್ಲಾಂಪಿನಿಂದ ಹಿಡಿದರು. ಮುಳ್ಳು ಇಳಿಯಿತು, ರೆಗ್ಯುಲೇಟರ್ ತಪ್ಪಿಲ್ಲ. ಪಂಪಿನಿಂದ ಬರುವ ಹೋಸನ್ನೂ ಹಿಡಿದರು. ಆಗಲೂ ಇಳಿಯಿತು. ಬದಲಿಸಲು ಹೊರಟಿದ್ದ ಪಂಪು ನಿರಪರಾಧಿ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟರು: ಮೂರು ಬಿಸ್ಕತ್ತಿನ ಬಣ್ಣ, ಎರಡನೆಯದು ಕಾಡಿಗೆ ಬಳಿದಂತೆ ಕಪ್ಪು, ಒದ್ದೆ. ರೈಲನ್ನು ಇಂಜೆಕ್ಟರುಗಳ ಸಮೇತ ಎತ್ತಿ ಹಿಡಿದು ಪಂಪು ಓಡಿಸಿದಾಗ ಎರಡನೇ ಇಂಜೆಕ್ಟರಿನ ತುದಿಯಲ್ಲಿ ಒಂದು ಹನಿ ಕೂಡಿಕೊಂಡಿತು, ಸ್ವಲ್ಪ ಹೊತ್ತಿಗೆ ಬಿತ್ತು, ಇನ್ನೊಂದು ಕೂಡಿಕೊಂಡಿತು. ಬೆಳಗಿನ ನಡುಕ, ಪೆಟ್ರೋಲ್ ವಾಸನೆ, ಉದ್ದ ಸೆಲ್ಫ್, ಚೀಟಿಯ ಅಂಕಿ ಎಲ್ಲವೂ ಆ ಹನಿಯಲ್ಲಿತ್ತು. ಬೆಳಗ್ಗೆ ಮೂರು ಸಲ ಕೀಲಿ ತಿರುಗಿಸಿದಾಗ ಪೈಪು ತುಂಬುತ್ತಿತ್ತು, ಆದರೆ ರಾತ್ರಿ ತೊಟ್ಟಿಕ್ಕಿದ ಪೆಟ್ರೋಲು ಎರಡನೇ ಸಿಲಿಂಡರಿನಲ್ಲಿ ಉಳಿದೇ ಇರುತ್ತಿತ್ತು. ಅದಕ್ಕೇ ಸ್ಟಾರ್ಟ್ ಸುಲಭವಾದರೂ ನಡುಕ ಹೋಗಿರಲಿಲ್ಲ.

ನಾಲ್ಕೂ ಇಂಜೆಕ್ಟರುಗಳನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆದರು. ಮೂರು ಸರಿಹೋದವು. ಎರಡನೆಯದು ಆಗಲೂ ಸಣ್ಣಗೆ ಒಸರುತ್ತಿದ್ದುದರಿಂದ ಅದೊಂದನ್ನು ಬದಲಿಸಿ, ಎಲ್ಲದಕ್ಕೂ ಹೊಸ ಓ ರಿಂಗ್ ಹಾಕಿದರು. ಪೆಟ್ರೋಲ್ ಬೆರೆತಿದ್ದ ಆಯಿಲ್ ಬದಲಾಯಿತು. ನೋಡುವಾಗ ಥರ್ಮೋಸ್ಟಾಟಿನ ಜಾಗ ಖಾಲಿ ಇದ್ದದ್ದೂ ಕಂಡಿತು, ಅದೂ ಬಂತು. ಗೇಜು ಇಪ್ಪತ್ತು ನಿಮಿಷವಾದರೂ ಎರಡರ ಮೇಲೇ ನಿಂತಿತ್ತು.

ಮುಂದಿನ ವಾರ ಅವನ ಮನೆಯಲ್ಲಿ ಉಳಿದಿದ್ದೆ. ಐದು ಗಂಟೆಗೆ, ಹಿಪ್ಪುನೇರಳೆ ತೋಟದ ಮೇಲೆ ಮಂಜು ಕೂತಿದ್ದಾಗ, ಕಾರು ಒಂದೇ ಸೆಲ್ಫಿಗೆ ಎದ್ದು ಒಂದೇ ಸಮ ಓಡಿತು. ತಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ‘ಅಣ್ಣ, ಇನ್ನೂ ಸ್ವಲ್ಪ ಅದುರುತ್ತೆ’ ಎಂದ.

‘ಯಾವಾಗ?’

‘ಏಸಿ ಹಾಕಿದಾಗ. ಗೇರಿಗೆ ಹಾಕಿ ಕ್ಲಚ್ ಬಿಡೋವಾಗಲೂ.’

ಬಾನೆಟ್ ಎತ್ತಿಸಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಚೂರು ಬಿಡು ಎಂದೆ. ಇಂಜಿನ್ ಒಂದು ಪಕ್ಕಕ್ಕೆ ಬೆರಳಗಲ ವಾಲಿ ಮತ್ತೆ ಕೂತಿತು. ಮೌಂಟಿಂಗ್ ರಬ್ಬರ್ ಹರಿದಿತ್ತು. ‘ಗೂಡು ಮಾರಿ ಬಂದ ಮೇಲೆ ಹಾಕಿಸೋಣ’ ಎಂದು ಅವನು ಚೀಲಗಳನ್ನು ಹಿಂದೆ ಜೋಡಿಸತೊಡಗಿದ.